ಹಸ್ತ, ಚಿತ್ತೆ, ಸ್ವಾತಿ: ಶಿರಸಿ ಸೀಮೆಯಲ್ಲಿ ಶರತ್ಕಾಲವನ್ನು ಹುಡುಕುತ್ತ

ಶಿರಸಿಯಿಂದ ಕುಮಟೆಯ ಕಡೆಗೆ ಇಳಿಯುವ ಘಟ್ಟದ ಅಂಚಿನಲ್ಲಿ ಒಂದು ರೆಸಾರ್ಟ್ ಇದೆ. ಅದರ ಹಿಂಬದಿಯ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದರೆ ನನ್ನ ಸೋದರಮಾವನ ಮನೆಯ ಹಂಚಿನ ಮಾಡು, ಅದಕ್ಕೆ ತಾಗಿದ ಅಡಿಕೆ ತೋಟ, ತೋಟದ ತುದಿಯ ಹಳ್ಳ, ಹಳ್ಳದಾಚೆ ಮೆಟ್ಟಿಲುಮೆಟ್ಟಿಲಾಗಿ ಇಳಿದಿರುವ ಮೂರು ಗದ್ದೆಗಳು ಕಾಣುತ್ತವೆ. ನಾಲ್ಕು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳಲ್ಲಿ, ಹುಬ್ಬಳ್ಳಿಯ ಗೆಳೆಯರ ಜೊತೆ ನಾನು ಆ ರೆಸಾರ್ಟಿನಲ್ಲಿ ಎರಡು ದಿನ ತಂಗಿದ್ದೆ. ಮಾವನ ಮನೆಗೆ ಒಂದು ಗಳಿಗೆ ಹೋಗಿ ಕಷಾಯ ಕುಡಿದು ಬಂದದ್ದು ಬಿಟ್ಟರೆ ಆ ಕಣಿವೆಯ ಕಡೆಗೆ ಕ್ಯಾಮೆರಾ ತಿರುಗಿಸಲಿಲ್ಲ. ನಮ್ಮ ಕೈಯಲ್ಲಿ ನೋಡಬೇಕಾದ ಜಾಗಗಳ ಪಟ್ಟಿಯೊಂದಿತ್ತು. ಯಾಣ, ಉಂಚಳ್ಳಿ, ಸಹಸ್ರಲಿಂಗ, ಮಾಗೋಡು, ಜೇನುಕಲ್ಲು ಗುಡ್ಡ, ಬನವಾಸಿ, ಜೋಗ. ಎರಡು ದಿನಗಳಲ್ಲಿ ಏಳು ಜಾಗ ಮುಗಿಸಿದೆವು. ತಿಂಡಿ ತಿಂದು ಒಂಬತ್ತು ಗಂಟೆಗೆ ಹೊರಡುವುದು, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಜಲಪಾತದ ಮುಂದೆ ನಿಲ್ಲುವುದು, ಬೆಳಕು ಹದಕ್ಕೆ ಬರುವ ಹೊತ್ತಿಗೆ ಕಾರಿನೊಳಗೆ ಕುಳಿತು ಮುಂದಿನ ಜಾಗಕ್ಕೆ ಧಾವಿಸುವುದು. ಊರಿಗೆ ಮರಳಿ ಆರುನೂರಕ್ಕೂ ಹೆಚ್ಚು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತ ಕುಳಿತಾಗ, ಅವುಗಳಲ್ಲಿ ಎಲ್ಲಿಯೂ ಶರತ್ಕಾಲವೇ ಇಲ್ಲ ಎಂಬುದು ಅರಿವಾಯಿತು. ಅವನ್ನು ಡಿಸೆಂಬರಿನಲ್ಲಿ ತೆಗೆದದ್ದು ಎಂದಿದ್ದರೂ ಯಾರೂ ಪ್ರಶ್ನಿಸುತ್ತಿರಲಿಲ್ಲ.

ಆ ಭೇಟಿಯಲ್ಲಿ ನಾನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದ್ದು ಬೇರೆ ನಾಡಿನ ಶರತ್ಕಾಲವನ್ನು. ಕ್ಯಾಲೆಂಡರುಗಳಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ನಾವೆಲ್ಲ ನೋಡಿರುವ ಕೆಂಪು, ಕಿತ್ತಳೆ ಎಲೆಗಳ ಬೆಟ್ಟಗಳು ಕಣ್ಣಿಗೆ ಎಷ್ಟು ಅಭ್ಯಾಸವಾಗಿದ್ದವೆಂದರೆ, ಘಟ್ಟದ ಮೇಲೆ ನಿಂತು ಎಲ್ಲಿಯಾದರೂ ಒಂದು ಮರ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡುತ್ತಿದ್ದೆ. ಜಗಲಿಯಲ್ಲಿ ಅಡಿಕೆ ಹಾಳೆ ಸವರುತ್ತ ಕುಳಿತಿದ್ದ ಮಾವನಿಗೆ ಅದನ್ನು ಹೇಳಿದೆ. ಅವರು ತಲೆಯೆತ್ತಿ, "ತಮಾ, ಎಲೆ ಕೆಂಪಪ್ಪದು ನೋಡಲೆ ಬಂದ್ಯ? ನಮ್ಮಲ್ಲಿ ಅದು ಶಿವರಾತ್ರಿ ಮೇಲೆ" ಎಂದರು. ಆ ಮಾತಿನ ತೂಕ ಆಗ ನನಗೆ ತಿಳಿಯಲಿಲ್ಲ. ತಂಪು ನಾಡುಗಳಲ್ಲಿ ಹಗಲು ಗಿಡ್ಡವಾಗಿ ಚಳಿ ಬಿದ್ದಾಗ ಮರ ತನ್ನ ಎಲೆಯ ಹಸಿರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಅಡಗಿದ್ದ ಹಳದಿ ಮೇಲೇಳುತ್ತದೆ, ಕೆಲವು ಮರಗಳಲ್ಲಿ ಕೆಂಪು ಹೊಸದಾಗಿ ಹುಟ್ಟುತ್ತದೆ. ಇಲ್ಲಿ ಅಕ್ಟೋಬರಿನ ಕಾಡು ಮಳೆನೀರು ಕುಡಿದು ದಟ್ಟ ಹಸಿರಾಗಿರುತ್ತದೆ. ತೇಗದಂಥ ಮರಗಳು ಎಲೆ ಉದುರಿಸುವುದು ನೆಲ ಒಣಗಿದ ಮೇಲೆ, ಮಾಗಿ ಕಳೆಯುವ ಹೊತ್ತಿಗೆ. ನಮ್ಮ ಕಾಡಿನ ಕೆಂಪಾದರೋ ಸಾಯುವ ಎಲೆಯ ಬಣ್ಣವಲ್ಲ, ಹುಟ್ಟುವ ಎಲೆಯದು. ನಾಗಸಂಪಿಗೆಯ ಚಿಗುರು, ಸಾಗಡೆಯ ಚಿಗುರು, ನೇರಳೆಯ ಚಿಗುರು ಬೇಸಿಗೆಯ ಬಾಗಿಲಲ್ಲಿ ತಾಮ್ರದ ತಗಡಿನಂತೆ ಹೊಳೆಯುತ್ತವೆ. ಹಾಗಾದರೆ ಶರತ್ಕಾಲದಲ್ಲಿ ಬಣ್ಣ ಬದಲಾಗುವುದು ಯಾವುದು? ಗದ್ದೆ, ಬೇಣದ (ದನ ಮೇಯುವ ಹುಲ್ಲುಗಾವಲಿನ) ಹುಲ್ಲು, ಹೊಳೆಯ ನೀರು, ಆಕಾಶ. ತಲೆಯೆತ್ತಿ ಮರ ನೋಡುವುದನ್ನು ಬಿಟ್ಟು ತಲೆತಗ್ಗಿಸಿ ನೆಲ ನೋಡಬೇಕು ಎಂಬುದನ್ನು ಕಲಿಯಲು ನನಗೆ ಇನ್ನೊಂದು ವರ್ಷ ಬೇಕಾಯಿತು.

ಮರುವರ್ಷ ನಾನೊಬ್ಬನೇ ಬಂದೆ. ನಾಲ್ಕು ದಿನಗಳಿಗೆ ಎರಡೇ ಜಾಗ ಎಂದು ಮೊದಲೇ ನಿಶ್ಚಯಿಸಿದ್ದೆ. ಯಾವಾಗ ಬರಲಿ ಎಂದು ಫೋನಿನಲ್ಲಿ ಕೇಳಿದಾಗ ಮಾವ ತಾರೀಖು ಹೇಳಲಿಲ್ಲ, ಮಳೆ ನಕ್ಷತ್ರದ ಲೆಕ್ಕ ಹೇಳಿದರು. ಸೆಪ್ಟೆಂಬರ್ ಕೊನೆಯ ವಾರದಿಂದ ಸುಮಾರು ಎರಡು ವಾರ ಹಸ್ತ, ಅಲ್ಲಿಂದ ಅಕ್ಟೋಬರ್ 23ರ ಸುಮಾರಿನವರೆಗೆ ಚಿತ್ತೆ, ಆಮೇಲೆ ನವೆಂಬರ್ ಮೊದಲ ವಾರದ ತನಕ ಸ್ವಾತಿ. ಚಿತ್ರ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಪಂಚಾಂಗ ಬೇರೆ ಇಲ್ಲವೆಂದು ಈಗ ನಾನು ನಂಬಿದ್ದೇನೆ. ಹಸ್ತದಲ್ಲಿ ಮುಂಗಾರಿನ ಬಾಲ ಇನ್ನೂ ಇರುತ್ತದೆ, ಹಳ್ಳಗಳು ತುಂಬಿರುತ್ತವೆ, ಬೆಟ್ಟದ ನೆತ್ತಿಯ ಮೇಲೆ ಮೋಡ ಕುಳಿತಿರುತ್ತದೆ, ರಕ್ತ ಹೀರುವ ಉಂಬಳದ ಕಾಟವೂ ಇರುತ್ತದೆ. ಚಿತ್ತೆಯಲ್ಲಿ ಬೆಳಗು ಸ್ವಚ್ಛ, ಮಧ್ಯಾಹ್ನ ಮೂರರ ಮೇಲೆ ಗುಡುಗು, ಸಂಜೆ ಒಂದು ಹದ ಮಳೆ, ರಾತ್ರಿ ಮತ್ತೆ ನಕ್ಷತ್ರ. ಸ್ವಾತಿಯ ಹೊತ್ತಿಗೆ ಗದ್ದೆ ಹಳದಿಗೆ ತಿರುಗಿ, ಬೇಣದ ಹುಲ್ಲಿನ ತೆನೆ ಒಣಗಿ, ಎದುರು ಬಿಸಿಲಿನಲ್ಲಿ ಬೆಳ್ಳಿಯಂತೆ ಮಿನುಗುತ್ತದೆ.

ಮೂರರಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಚಿತ್ತೆ, ಮತ್ತು ಅದಕ್ಕೆ ಕಾರಣ ಮಂಜು. ಸಂಜೆ ಮಳೆ ಬಿದ್ದು ನೆಲ ತೊಯ್ದಿರಬೇಕು, ರಾತ್ರಿ ಮೋಡ ಹರಿದು ಆಕಾಶ ತೆರೆದಿರಬೇಕು, ಗಾಳಿ ಅಲುಗಬಾರದು. ಆಗ ನೆಲದ ಕಾವು ಆಕಾಶಕ್ಕೆ ಹೋಗಿ ನೆಲ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಣಿದು, ಭಾರವಾಗಿ, ಇಳಿಜಾರಿನಲ್ಲಿ ನೀರಿನ ಹಾಗೆಯೇ ಕೆಳಕ್ಕೆ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅಲ್ಲಿ ಹಳ್ಳ, ತೋಟ, ಗದ್ದೆಗಳ ಪಸೆ ಮೊದಲೇ ಇರುವುದರಿಂದ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮಂಜು ಕಟ್ಟುತ್ತದೆ. ಹಾಗಾಗಿ ಹಿಂದಿನ ಸಂಜೆ ಗುಡುಗಿ ಮಳೆ ಸುರಿದು, ಊಟದ ಹೊತ್ತಿಗೆ ಅಂಗಳದಲ್ಲಿ ನಕ್ಷತ್ರ ಕಂಡರೆ, ಮಲಗುವ ಮೊದಲೇ ಅಲಾರಂ ಇಟ್ಟುಬಿಡುತ್ತೇನೆ. ಈ ಲೆಕ್ಕ ತಪ್ಪಿದ ಬೆಳಗುಗಳು ಬಹಳ ಕಡಿಮೆ.

ಮಂಜು ಇದೆ ಎಂದರೆ ಸಾಲದು, ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿದಿರಬೇಕು. ಮಾವನ ಕಣಿವೆಯಲ್ಲಿ ಅದು ಎಲ್ಲಕ್ಕಿಂತ ದಟ್ಟವಾಗಿ ನಿಲ್ಲುವುದು ಎರಡನೆಯ ಗದ್ದೆಯಲ್ಲಿ. ಮೂರನೆಯದು ಅದಕ್ಕಿಂತ ತಗ್ಗಿನಲ್ಲಿದ್ದರೂ ಹಳ್ಳ ಅಲ್ಲಿ ಅಗಲವಾಗಿ ಹರಿಯುವುದರಿಂದ ಗಾಳಿ ಸ್ವಲ್ಪ ಚಲಿಸುತ್ತಿರುತ್ತದೆ. ಇದು ನಾನು ಕಂಡುಕೊಂಡದ್ದಲ್ಲ. "ಮಂಜು ಎಲ್ಲಿ ನಿಲ್ತು ಹೇಳಿ ದನಕ್ಕೆ ಗೊತ್ತಿದ್ದು" ಎಂದು ಮಾವ ಹೇಳಿದ್ದರು. ನಿಜವಾಗಿಯೂ ಅವರ ದನಗಳು ಬೆಳಿಗ್ಗೆ ಬೇಲಿಯ ದಣಪೆ ದಾಟಿ ಹೊರಬಿದ್ದರೆ ಎರಡನೆಯ ಗದ್ದೆಯ ಅಂಚನ್ನು ಬಳಸಿ, ಬಿಸಿಲು ಬಿದ್ದ ಬೇಣದ ಕಡೆಗೇ ಏರುತ್ತವೆ. ಅವುಗಳ ಹಿಂದೆಯೇ ಹೋಗಿ ನಾನು ನಿಲ್ಲುವ ಜಾಗ ಹುಡುಕಿದೆ. ಅದು ತೋಟದ ಮೇಲಿನ ಸೊಪ್ಪಿನ ಬೆಟ್ಟದ ಅರ್ಧ ಎತ್ತರದಲ್ಲಿ, ಎರಡು ಮತ್ತಿ ಮರಗಳ ನಡುವೆ ಇದೆ. ನಮ್ಮ ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟದ ಸೊಪ್ಪಿನ ಹಕ್ಕು ಬ್ರಿಟಿಷರ ಕಾಲದಿಂದ ಬಂದದ್ದು. ಗೊಬ್ಬರಕ್ಕೆಂದು ವರ್ಷವರ್ಷ ಸೊಪ್ಪು ಕಡಿಯುವುದರಿಂದ ಈ ಬೆಟ್ಟದ ಮರಗಳು ನೆಟ್ಟಗೆ, ಬಿಡಿಬಿಡಿಯಾಗಿ ನಿಂತಿರುತ್ತವೆ. ದಟ್ಟ ಕಾಡಿನಲ್ಲಿ ಸಿಗದ ತೆರವು ಇಲ್ಲಿ ಸಿಗುತ್ತದೆ. ಏಳು ಗಂಟೆಯ ಸುಮಾರಿಗೆ ಸೂರ್ಯ ಎದುರಿನ ಗುಡ್ಡ ದಾಟಿದಾಗ ಈ ಮರಗಳ ನಡುವಿನಿಂದ ಬಿಸಿಲುಕೋಲುಗಳು ಮಂಜಿನ ಮೇಲೆ ಬೀಳುತ್ತವೆ, ಕೆಳಗೆ ಅಡಿಕೆ ಮರಗಳ ತಲೆ ಮಾತ್ರ ಮಂಜಿನಿಂದ ಹೊರಗಿರುತ್ತದೆ. ಇಪ್ಪತ್ತು ನಿಮಿಷ ಈ ನೋಟ. ಎಂಟೂವರೆಗೆ ಎಲ್ಲವೂ ಕರಗಿ ಸಾಧಾರಣ ಬೆಳಗಾಗುತ್ತದೆ, ರೆಸಾರ್ಟಿನಲ್ಲಿ ತಿಂಡಿಯ ಗಂಟೆ ಬಾರಿಸುತ್ತದೆ.

ಹೊಸಬರಿಗೆ ಉಪಯೋಗವಾದೀತೆಂದು ಎರಡು ಮಾತು. ಕ್ಯಾಮೆರಾದ ಬೆಳಕಿನ ಮಾಪಕ ಬಿಳಿ ಮಂಜನ್ನು ಕಂಡು, ಬೆಳಕು ಹೆಚ್ಚಾಯಿತೆಂದು ಭಾವಿಸಿ ಚಿತ್ರವನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಶರನ್ನು, ಎಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಇಮ್ಮಡಿ ಬೆಳಕು) ಏರಿಸಿದರೆ ಮಂಜು ಮಂಜಾಗಿಯೇ ಉಳಿಯುತ್ತದೆ. ಅಗಲ ಕೋನದ ಲೆನ್ಸಿನ ಆಸೆಯನ್ನೂ ಇಲ್ಲಿ ಸ್ವಲ್ಪ ಬಿಡಬೇಕು. ದೂರದ ಗುಡ್ಡಗಳನ್ನು ಒಂದರ ಹಿಂದೊಂದು ಪದರವಾಗಿ ಹತ್ತಿರ ತರುವುದು 70-200 ಮಿಲಿಮೀಟರಿನಂಥ ಜೂಮ್ ಲೆನ್ಸ್. ಮೊದಲ ವರ್ಷ ರೆಸಾರ್ಟಿನ ಹವಾನಿಯಂತ್ರಿತ ಕೋಣೆಯಿಂದ ಕ್ಯಾಮೆರಾವನ್ನು ನೇರವಾಗಿ ಹೊರಗೆ ತಂದಾಗ ಲೆನ್ಸಿನ ಗಾಜಿನ ಮೇಲೆಲ್ಲ ಹನಿ ಕಟ್ಟಿತು. ಒರೆಸಿದಷ್ಟೂ ಮತ್ತೆ ಕಟ್ಟಿತು. ಗಾಜು ಹೊರಗಿನ ಗಾಳಿಯ ಕಾವಿಗೆ ಬರುವವರೆಗೆ ಕಾಯದೆ ಗತ್ಯಂತರವಿರಲಿಲ್ಲ, ಆ ಬೆಳಗಿನ ಬಿಸಿಲುಕೋಲುಗಳನ್ನು ಬರಿಗಣ್ಣಿನಲ್ಲಿ ನೋಡಿದ್ದಷ್ಟೇ. ಈಗ ಕ್ಯಾಮೆರಾದ ಚೀಲವನ್ನು ರಾತ್ರಿಯಿಡೀ ಜಗಲಿಯ ಗೂಡಿನಲ್ಲೇ ಇಡುತ್ತೇನೆ.

ಆ ಜಗಲಿಯೇ ನನಗೆ ಇನ್ನೊಂದು ಪಾಠ ಹೇಳಿತು. ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುತ್ತಾನೆ, ಅಲ್ಲಿಂದ ದಿನದಿನಕ್ಕೆ ದಕ್ಷಿಣಕ್ಕೆ ಸರಿಯುತ್ತಾನೆ. ಅಕ್ಟೋಬರ್ ಮುಗಿಯುವಷ್ಟರಲ್ಲಿ ನಮ್ಮ ಅಕ್ಷಾಂಶದಲ್ಲಿ ಅವನು ಪೂರ್ವಕ್ಕಿಂತ ಸುಮಾರು 14 ಡಿಗ್ರಿ ದಕ್ಷಿಣಕ್ಕಿರುತ್ತಾನೆ. ಮಾವನ ಮನೆಯ ಜಗಲಿಯ ಕಂಬದ ಪಕ್ಕ ಕುಳಿತು ನೋಡಿದರೆ, ಹಸ್ತದಲ್ಲಿ ಎದುರು ಗುಡ್ಡದ ನೆತ್ತಿಯ ಹಿಂದಿನಿಂದ ತಡವಾಗಿ ಬರುವ ಸೂರ್ಯ, ಸ್ವಾತಿಯ ಹೊತ್ತಿಗೆ ಆ ಗುಡ್ಡಕ್ಕೂ ಪಕ್ಕದ ಗುಡ್ಡಕ್ಕೂ ನಡುವಿನ ಕಣಿವೆಯ ಸಂದಿಗೆ ಬಂದಿರುತ್ತಾನೆ. ಬೆಳಕು ಮಂಜಿರುವಾಗಲೇ, ಇನ್ನೂ ಕೆಂಪಿರುವಾಗಲೇ ಗದ್ದೆಗೆ ತಲುಪುತ್ತದೆ. ಅದೇ ಮತ್ತಿ ಮರಗಳ ನಡುವೆ, ಅದೇ ಹೊತ್ತಿನಲ್ಲಿ, ಮೂರು ವಾರಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಎರಡು ಬೇರೆ ಊರುಗಳಂತೆ ಕಾಣುತ್ತವೆ. ಆ ಮೇಲೆ ನಾನು ಯಾರಿಗೂ ಜಾಗದ ಹೆಸರನ್ನು ಮಾತ್ರ ಹೇಳುವುದಿಲ್ಲ. ಮಳೆ ನಕ್ಷತ್ರವನ್ನೂ ಗಂಟೆಯನ್ನೂ ಸೇರಿಸಿ ಹೇಳುತ್ತೇನೆ.

ಇನ್ನು ನೀರಿನ ಮಾತು. ಅಗಸ್ತ್ಯ ನಕ್ಷತ್ರ ಮೂಡಿದ ಮೇಲೆ ನೀರು ತಿಳಿಯಾಗುತ್ತದೆ ಎಂದು ಹಳಬರು ಹೇಳುತ್ತಾರೆ. ಅಕ್ಟೋಬರಿನಲ್ಲಿ ಬೆಳಗಿನ ಜಾವ ಐದಕ್ಕೆ ಅಂಗಳಕ್ಕೆ ಬಂದು ದಕ್ಷಿಣಕ್ಕೆ ಮುಖ ಮಾಡಿದರೆ ತೋಟದ ಮೇಲೆ, ಹೆಚ್ಚು ಎತ್ತರವಲ್ಲದ ಕಡೆ, ಒಂಟಿಯಾಗಿ ಹೊಳೆಯುವುದು ಅದೇ ಅಗಸ್ತ್ಯ. ನಕ್ಷತ್ರದಿಂದಲೋ ಋತುವಿನಿಂದಲೋ, ಜುಲೈಯಲ್ಲಿ ಕೆಮ್ಮಣ್ಣು ಕದಡಿಕೊಂಡು ಹರಿಯುತ್ತಿದ್ದ ಹಳ್ಳ ಆ ಹೊತ್ತಿಗೆ ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿರುತ್ತದೆ, ರಭಸ ಮಾತ್ರ ಇನ್ನೂ ಉಳಿದಿರುತ್ತದೆ. ಜಲಪಾತದ ಚಿತ್ರಕ್ಕೆ ಈ ಎರಡೂ ಒಟ್ಟಿಗೆ ಸಿಗುವ ಕಾಲ ವರ್ಷದಲ್ಲಿ ಇದೊಂದೇ.

ಆದರೆ ಎಲ್ಲ ಜಲಪಾತಗಳಿಗೂ ಈ ಮಾತು ಹೊಂದುವುದಿಲ್ಲ. ಜೋಗದ ಶರಾವತಿಗೆ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಿಂದ ಅಲ್ಲಿನ ನೀರು ಗೇಟಿನ ಲೆಕ್ಕಕ್ಕೆ ಸೇರಿದ್ದು. ಮಳೆ ಚೆನ್ನಾಗಿ ಆದ ವರ್ಷವೂ ಅಕ್ಟೋಬರಿನಲ್ಲಿ 253 ಮೀಟರಿನ ಆ ಬಂಡೆಯ ಮೇಲೆ ನಾಲ್ಕು ಎಳೆಗಳಷ್ಟೇ ಇಳಿಯುತ್ತಿರುವುದನ್ನು ಕಂಡಿದ್ದೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಬದಿಯ ಬ್ರಿಟಿಷ್ ಬಂಗಲೆಯ ಕಡೆಯಿಂದ ನೋಡಿದಾಗ ಆ ಎಳೆಗಳಿಗೂ ಒಂದು ಚೆಲುವಿದೆ, ಇಲ್ಲವೆನ್ನಲಾರೆ. ಅಘನಾಶಿನಿ ಬೇರೆ ರೀತಿಯ ಹೊಳೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವವರೆಗೆ ಅದಕ್ಕೆ ದೊಡ್ಡ ಅಣೆಕಟ್ಟು ಎಲ್ಲಿಯೂ ಅಡ್ಡ ಬಂದಿಲ್ಲ. ಹಾಗಾಗಿ ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಹತ್ತಿರ, ಉಂಚಳ್ಳಿಯಲ್ಲಿ, 116 ಮೀಟರ್ ಕೆಳಕ್ಕೆ ಬೀಳುವ ನೀರು ಕಾಡು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುತ್ತಿರುವ ಮಳೆಯೇ. ಮಳೆ ನಿಂತು ಹತ್ತು ದಿನವಾದರೂ ಅದು ಮೈತುಂಬಿ ಬೀಳುತ್ತದೆ. ಬ್ರಿಟಿಷ್ ಕಲೆಕ್ಟರ್ ಲಶಿಂಗ್ಟನ್ 1845ರಲ್ಲಿ ಇದನ್ನು ಕಂಡನೆಂದು ಅವನ ಹೆಸರಿನಿಂದಲೂ ಕರೆಯುವುದುಂಟು. ಊರವರು ಮಾತ್ರ ಕೆಪ್ಪ ಜೋಗ ಎನ್ನುತ್ತಾರೆ, ಏಕೆಂದರೆ ಅದರ ಮುಂದೆ ನಿಂತವನಿಗೆ ಪಕ್ಕದವನ ಮಾತು ಕೇಳಿಸುವುದಿಲ್ಲ. ನನಗೆ ಇದೇ ಸರಿಯಾದ ಹೆಸರು ಎನ್ನಿಸುತ್ತದೆ. ಅದರಲ್ಲಿ ನೀರಿನ ಅನುಭವವಿದೆ.

ಉಂಚಳ್ಳಿಗೆ ಮೊದಲ ಸಲ ಮಧ್ಯಾಹ್ನ ಒಂದಕ್ಕೆ ಹೋಗಿದ್ದೆ. ನೀರು ಸುಣ್ಣದಂತೆ ಬಿಳಿಯಾಗಿ, ಕಾಡು ಕಪ್ಪಾಗಿ ಬಂದಿತ್ತು. ಎರಡನೆಯ ವರ್ಷ ಅಲ್ಲಿ ಎರಡು ಇಡೀ ದಿನ ಕಳೆದೆ. ಆಗ ತಿಳಿದದ್ದು ಇಷ್ಟು: ಆ ಕಮರಿ ಆಳವಾದದ್ದರಿಂದ ಬಿಸಿಲು ಹರಡುವ ಮುಂಚಿನ ನೆರಳಿನ ಹೊತ್ತು, ಇಲ್ಲವೇ ಚಿತ್ತೆಯ ಮಧ್ಯಾಹ್ನ ಗುಡುಗಿನ ಮೋಡ ಕವಿಯುವ ಹೊತ್ತು, ಎಲ್ಲಕ್ಕಿಂತ ಒಳ್ಳೆಯದು. ಆಗ ನೀರಿಗೂ ಕಾಡಿಗೂ ಬೆಳಕಿನ ಅಂತರ ಕಡಿಮೆಯಾಗಿ ಎರಡರ ವಿವರವೂ ಉಳಿಯುತ್ತದೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡಿನವರೆಗೆ ಶಟರ್ ತೆರೆದರೆ ನೀರಿನ ಎಳೆ ಕಾಣಿಸುತ್ತದೆ. ಅದಕ್ಕಿಂತ ಹೆಚ್ಚು ತೆರೆದು ಜಲಪಾತವನ್ನು ಹತ್ತಿಯಾಗಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಕೆಪ್ಪ ಜೋಗದ ಭಾರ, ಆರ್ಭಟ ಅದರಲ್ಲಿ ಕಳೆದುಹೋಗುತ್ತದೆ. ಪೋಲರೈಸರ್ ಫಿಲ್ಟರನ್ನು ಜನ ನೀಲಿ ಆಕಾಶಕ್ಕೆಂದು ಕೊಳ್ಳುತ್ತಾರೆ. ನಮ್ಮ ಕಡೆ ಅದರ ನಿಜವಾದ ಉಪಯೋಗ ತೊಯ್ದ ಎಲೆ, ತೊಯ್ದ ಬಂಡೆಗಳ ಮೇಲಿನ ಬಿಳಿ ಹೊಳಪನ್ನು ತೆಗೆಯುವುದು. ಫಿಲ್ಟರನ್ನು ತಿರುಗಿಸುತ್ತ ಹೋದಂತೆ ಬೂದಿಯಾಗಿ ಕಾಣುತ್ತಿದ್ದ ಎಲೆ ತಟ್ಟನೆ ತನ್ನ ಹಸಿರನ್ನು ಬಿಟ್ಟುಕೊಡುತ್ತದೆ. ನೀರಿನ ಮೇಲ್ಮೈಯನ್ನು ಸುಮಾರು 37 ಡಿಗ್ರಿ ಓರೆಯಿಂದ ನೋಡಿದಾಗ ಈ ಪರಿಣಾಮ ಎಲ್ಲಕ್ಕಿಂತ ಹೆಚ್ಚು, ತಳದ ಕಲ್ಲುಗಳು ಕೈಗೆ ಸಿಗುವಂತೆ ಕಾಣುತ್ತವೆ. 2011ರಲ್ಲಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಕಾಡಿನ ಭಾಗ ಇದು. ಹಾದಿ ಬಿಟ್ಟು ಕಮರಿಗೆ ಇಳಿಯುವ ಚಪಲ ಬೇಡ.

ಉಳಿದ ಜಾಗಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಯಲ್ಲಾಪುರದ ಕಡೆಯ ಮಾಗೋಡಿನಲ್ಲಿ ಬೇಡ್ತಿ ಹೊಳೆ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ಆದರೆ ನಾನು ಅಲ್ಲಿಗೆ ಹೋಗುವುದು ಹತ್ತಿರದ ಜೇನುಕಲ್ಲು ಗುಡ್ಡಕ್ಕಾಗಿ. ಸಂಜೆ ಅಲ್ಲಿ ನಿಂತರೆ ಕಾಡಿನ ನಡುವೆ ಬಳುಕುವ ಬೇಡ್ತಿ ಕಾಣುತ್ತದೆ. ಬೇಸಿಗೆಯಲ್ಲಿ ಧೂಳು, ಹೊಗೆಗಳಿಂದ ಮಸುಕಾಗುವ ಆ ನೋಟ ಮಳೆ ತೊಳೆದ ಅಕ್ಟೋಬರಿನಲ್ಲಿ ದೂರದ ಗುಡ್ಡದವರೆಗೂ ಸ್ಪಷ್ಟವಾಗಿರುತ್ತದೆ. ಜನರೆಲ್ಲ ಸೂರ್ಯ ಮುಳುಗಿದ ಕೂಡಲೇ ಎದ್ದು ಹೊರಡುತ್ತಾರೆ, ಹೊಳೆಯ ನೀರು ಆಕಾಶದ ಬಣ್ಣ ಹಿಡಿಯುವುದು ಅದರ ಮುಂದಿನ ಹದಿನೈದು ನಿಮಿಷಗಳಲ್ಲಿ. ಯಾಣದ ಕಪ್ಪು ಬಂಡೆಗಳು, 120 ಮೀಟರಿನ ಭೈರವೇಶ್ವರ ಶಿಖರ ಮತ್ತು 90 ಮೀಟರಿನ ಮೋಹಿನಿ ಶಿಖರ, ಬಿಳಿಯ ಆಕಾಶದ ಎದುರು ಬರಿಯ ಮಸಿಯಾಗಿಬಿಡುತ್ತವೆ. ಆಕಾಶವನ್ನು ಚೌಕಟ್ಟಿನಿಂದ ಪೂರ್ತಿ ಬಿಟ್ಟು, ಬಂಡೆಯ ಸೀಳುಗಳಲ್ಲಿ ಬೇರಿಳಿಸಿದ ಗಿಡಗಳಿಗೆ, ಪಾಚಿಗೆ ಗಮನ ಕೊಟ್ಟಾಗ ನನಗೆ ಅಲ್ಲಿ ಒಳ್ಳೆಯ ಚಿತ್ರ ಸಿಕ್ಕಿತು. ಶಾಲ್ಮಲೆಯ ಸಹಸ್ರಲಿಂಗಕ್ಕೆ ಶರತ್ಕಾಲ ತುಸು ಬೇಗವಾಯಿತು. ಸೋದೆಯ ಅರಸ ಸದಾಶಿವರಾಯನ ಕಾಲದ್ದೆನ್ನುವ ಆ ಲಿಂಗಗಳು, ನಂದಿಗಳು ಅಕ್ಟೋಬರಿನಲ್ಲಿ ಇನ್ನೂ ನೀರಿನೊಳಗೇ ಇರುತ್ತವೆ. ಒಂದು ನಂದಿಯ ಕೊಂಬು, ಬೆನ್ನು ಮಾತ್ರ ಹೊರಗಿದ್ದು, ನೀರು ಅದರ ಕೊರಳನ್ನು ಬಳಸಿ ಹರಿಯುತ್ತಿದ್ದದ್ದನ್ನು ಒಮ್ಮೆ ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಎಲ್ಲವನ್ನೂ ಕಾಣಬೇಕೆಂದರೆ ನವೆಂಬರ್ ಕಳೆಯಲಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಬೆಳಗಿಗೆ ಬರುತ್ತೇನೆ. ಆಶ್ವಯುಜದ ಹುಣ್ಣಿಮೆಯನ್ನು ನಮ್ಮ ಕಡೆ ಭೂಮಿ ಹುಣ್ಣಿಮೆ ಎನ್ನುತ್ತಾರೆ, ಸೀಗೆ ಹುಣ್ಣಿಮೆ ಎಂದೂ ಕರೆಯುವುದುಂಟು. ಆಗ ಭತ್ತ ಹೊಡೆ ತುಂಬಿರುತ್ತದೆ, ಎಂದರೆ ಭೂಮಿತಾಯಿ ಬಸುರಿ. ಬಸುರಿಯ ಬಯಕೆ ತೀರಿಸುವಂತೆ ಅವಳಿಗೆ ಬಗೆಬಗೆಯ ಅಡುಗೆ ಮಾಡಿ ಗದ್ದೆಗೆ ಹೊತ್ತು ಬಡಿಸುವ ಹಬ್ಬ ಅದು. ಶಿರಸಿ, ಸಿದ್ದಾಪುರ, ಸಾಗರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಇದಕ್ಕಾಗಿ ಭೂಮಣ್ಣಿ ಬುಟ್ಟಿ ಸಿದ್ಧವಾಗುತ್ತದೆ. ಬಿದಿರಿನ ಬುಟ್ಟಿಗೆ ಸೆಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಚಿತ್ತಾರ ಬರೆಯುತ್ತಾರೆ. ಮಾವನ ಗದ್ದೆಯ ಕೆಳಗಿನ ಗದ್ದೆ ಅಂಥ ಒಂದು ಮನೆಯವರದು. ಮೂರನೆಯ ವರ್ಷ ಹಬ್ಬದ ಮೂರು ದಿನ ಮುಂಚೆ ಅತ್ತೆ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದರು. ಜಗಲಿಯ ಮೂಲೆಯಲ್ಲಿ ಮನೆಯ ಅಜ್ಜಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬರೆಯುತ್ತಿದ್ದರು. ಗೆರೆ ಎಳೆಯುವ ಮುನ್ನ ಎಲ್ಲಿಯೂ ಗುರುತು ಹಾಕಿಕೊಳ್ಳಲಿಲ್ಲ. ನಾರನ್ನು ಬಟ್ಟಲಲ್ಲಿ ಅದ್ದಿ, ಅಂಚಿಗೆ ಒರೆಸಿ, ಉಸಿರು ಬಿಗಿಹಿಡಿದು ಬುಟ್ಟಿಯ ಬಾಯಿಯಿಂದ ಬುಡದವರೆಗೆ ಒಂದೇ ಗೆರೆ. ಆಮೇಲೆ ಬುಟ್ಟಿಯನ್ನು ಒಂದಿಷ್ಟು ತಿರುಗಿಸಿ ಅದರ ಪಕ್ಕಕ್ಕೆ ಇನ್ನೊಂದು. ಹಬ್ಬದ ಬೆಳಗು ಗದ್ದೆಗೆ ಬರಲೇ, ಚಿತ್ರ ತೆಗೆಯಲೇ ಎಂದು ಕೇಳಿದೆ. ಅವರು ಗೆರೆ ಮುಗಿಸಿ, "ಬಾರಪ್ಪ. ಪೂಜಿ ಆಗೋವರಿಗೆ ಪೆಟ್ಟಿಗೆ ಕೆಳಗಿಡು" ಎಂದರು. ಪೆಟ್ಟಿಗೆ ಎಂದರೆ ನನ್ನ ಕ್ಯಾಮೆರಾ.

ಆ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಿರಲಿಲ್ಲ. ನಾವು ಗದ್ದೆಯ ಅಂಚಿಗೆ ತಲುಪಿದಾಗ ಪಶ್ಚಿಮದ ಘಟ್ಟದ ಮೇಲೆ ಹುಣ್ಣಿಮೆಯ ಚಂದ್ರ ಇಳಿಯುತ್ತಿದ್ದ, ಪೂರ್ವದಲ್ಲಿ ಬೆಳಕಿನ ಒಂದು ಗೆರೆ ಮೂಡಿತ್ತು. ಹುಣ್ಣಿಮೆಯಂದು ಹೀಗೆ ಒಬ್ಬ ಮುಳುಗುವಾಗ ಇನ್ನೊಬ್ಬ ಏಳುತ್ತಾನೆಂಬುದು ಲೆಕ್ಕದಲ್ಲಿ ತಿಳಿದಿದ್ದರೂ, ಮೊಣಕಾಲಿನವರೆಗೆ ಮಂಜಿನಲ್ಲಿ ನಿಂತು ಎರಡೂ ಕಡೆಯ ಬೆಳಕನ್ನು ಮೈಮೇಲೆ ಪಡೆದಾಗ ಅದು ಬೇರೆಯೇ. ಮನೆಯ ಯಜಮಾನರು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹಳ್ಳದ ಮೇಲಿನ ಸಂಕ ದಾಟಿದರು. ಅವರ ಹಿಂದೆ ದೀಪ ಹಿಡಿದ ಸೊಸೆ, ಅವರ ಹಿಂದೆ ನಿದ್ದೆಗಣ್ಣಿನ ಇಬ್ಬರು ಮಕ್ಕಳು. ಮಂಜಿನಲ್ಲಿ ದೀಪಕ್ಕೆ ಒಂದು ಹೊಂಬಣ್ಣದ ಗೂಡು ಕಟ್ಟಿತ್ತು. ಗದ್ದೆಯ ಮೂಲೆಯಲ್ಲಿ ಭತ್ತದ ಸಸಿಗಳಿಗೆ ಸೀರೆಯ ಸೆರಗಿನಂತೆ ಹೊಸ ಬಟ್ಟೆ ತೊಡಿಸಿ, ಕರಿಮಣಿ ಇಳಿಬಿಟ್ಟು, ಹೂ ಮುಡಿಸಿದರು. ನಾನು ಕ್ಯಾಮೆರಾವನ್ನು ಚೀಲದೊಳಗೇ ಇಟ್ಟು ಕೈಮುಗಿದು ನಿಂತಿದ್ದೆ. ಆ ಹೊತ್ತಿನ ಚಿತ್ರ ನನ್ನಲ್ಲಿಲ್ಲ, ಆ ಬಗ್ಗೆ ನನಗೆ ಕೊರತೆಯೂ ಇಲ್ಲ. ಪೂಜೆ ಮುಗಿದು, ಸೊಪ್ಪುಗಳನ್ನೆಲ್ಲ ಬೇಯಿಸಿದ ಹಚ್ಚಂಬಲಿಯನ್ನು ಯಜಮಾನರು ಗದ್ದೆಯ ಸುತ್ತ ಬೀರುತ್ತ, ಭೂತಾಯಿಯನ್ನು ಉಣ್ಣಲು ಕೂಗಿ ಕರೆಯುತ್ತ ಹೊರಟಾಗ ಅಜ್ಜಿ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಆಗ ಕ್ಯಾಮೆರಾ ತೆಗೆದೆ. ಅಷ್ಟರಲ್ಲಿ ಚಂದ್ರ ಮಾಸಿದ್ದ, ಮೊದಲ ಬಿಸಿಲು ಗುಡ್ಡದ ಸಂದಿಯಿಂದ ಬಂದಿತ್ತು. ಬೀರಿದ ಅಂಬಲಿಯ ಹನಿಗಳು ಎದುರು ಬಿಸಿಲಿನಲ್ಲಿ ಕೈಯಿಂದ ಗದ್ದೆಯವರೆಗೆ ಒಂದು ಕಮಾನಾಗಿ ನಿಂತವು. ನಾಲ್ಕು ವರ್ಷಗಳಲ್ಲಿ ನಾನು ತೆಗೆದ ಅತ್ಯುತ್ತಮ ಚಿತ್ರ ಅದು. ರೆಸಾರ್ಟಿನ ಕಟ್ಟೆಯಿಂದ ಆ ಗದ್ದೆಗೆ ನಡೆದು ಹೋದರೆ ಇಪ್ಪತ್ತು ನಿಮಿಷ. ಆ ಚಿತ್ರದ ಒಂದು ದೊಡ್ಡ ಪ್ರತಿಯನ್ನು ಚೌಕಟ್ಟು ಹಾಕಿಸಿ ಅವರಿಗೆ ಕೊಟ್ಟಿದ್ದೇನೆ, ಅಂತರ್ಜಾಲದಲ್ಲಿ ಹಾಕಿಲ್ಲ.

ಘಟ್ಟದ ಮೇಲೆ ಮೋಡ ಬಿಡದಿದ್ದ ದಿನಗಳಲ್ಲಿ ನಾನು ಅಘನಾಶಿನಿಯನ್ನೇ ಹಿಡಿದು ಕೆಳಗಿಳಿಯುತ್ತೇನೆ. ಕುಮಟೆಯ ಮಾಣಿಕಟ್ಟಾ ಸುತ್ತಲಿನ ಗಜನಿಗಳಲ್ಲಿ, ಎಂದರೆ ಅಳಿವೆಯ ತಗ್ಗು ಗದ್ದೆಗಳಲ್ಲಿ, ಉಪ್ಪು ನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಅದು ಮಾಗುವ ಕಾಲವೂ ಇದೇ. ನೀರಿನಲ್ಲಿ ಬಾಗಿ ನಿಂತ ಎತ್ತರದ ಭತ್ತ, ಅದರ ನಡುವೆ ಬೆಳ್ಳಕ್ಕಿ, ಹಿಂದೆ ನಾನು ಇಳಿದುಬಂದ ಘಟ್ಟದ ನೀಲಿ ಗೋಡೆ. ಸಂಜೆ ಸಮುದ್ರದ ಭರತ ಇಳಿಯುವಾಗ ಕೆಸರಿನ ಮೇಲೆ ನೀರಿನ ಕಾಲುವೆಗಳು ಮರದ ಕೊಂಬೆಗಳಂತೆ ಕವಲೊಡೆಯುವುದನ್ನು ನೋಡಲು ಎತ್ತರದ ಚಿರೆಕಲ್ಲಿನ ಗುಡ್ಡ ಏರಬೇಕು. ಆ ಗುಡ್ಡಗಳ ಮೇಲೂ ಸೆಪ್ಟೆಂಬರಿನಲ್ಲಿ ಬೆರಳ ತುದಿಗಿಂತ ಚಿಕ್ಕ ನೀಲಿ ಹೂಗಳು ಹಾಸಿರುತ್ತವೆ. ಸಾರವಿಲ್ಲದ ಕಲ್ಲುನೆಲದಲ್ಲಿ ಸಣ್ಣ ಜೀವಿಗಳನ್ನು ಹಿಡಿದು ಬದುಕುವ ಗಿಡಗಳವು. ನೋಡಬೇಕೆಂದರೆ ಹೊಟ್ಟೆಯ ಮೇಲೆ ಮಲಗಬೇಕು, ಕಾಲಿಡುವಾಗ ಎಚ್ಚರವಿರಬೇಕು. ಕಾರವಾರದ ಕಡೆಗೆ ಹೋಗುವವರಿಗೆ ಕಾಳಿ ಸಮುದ್ರ ಸೇರುವಲ್ಲಿ ಸದಾಶಿವಗಡದ ಗುಡ್ಡದಿಂದ ಕಾಣುವ ಸಂಜೆ ಚೆನ್ನ. ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಸ್ಥಾವರ ಇರುವ ಸೀಮೆಯಾದ್ದರಿಂದ ಡ್ರೋನ್ ಹಾರಿಸುವ ಯೋಚನೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಮಳೆ ನಿಂತಿತೆಂದು ಘಟ್ಟದ ರಸ್ತೆಯ ಕಡಿದ ದರೆಯ ಕೆಳಗೆ ಕಾರು ನಿಲ್ಲಿಸಿ ಚಿತ್ರ ತೆಗೆಯುವವರನ್ನು ಕಂಡಾಗ ನನಗೆ ಭಯವಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜೀವಗಳನ್ನು ಹೊಳೆಗೆ ನೂಕಿದ್ದನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. ಅಕ್ಟೋಬರಿನ ಮಣ್ಣಿನೊಳಗೆ ನಾಲ್ಕು ತಿಂಗಳ ನೀರು ಇರುತ್ತದೆ. ದೇವಿಮನೆ ಘಟ್ಟದಲ್ಲಿ ನಿಲ್ಲಬೇಕೆಂದರೆ ದರೆಯಿಂದ ದೂರ, ಅಗಲವಾದ ತಿರುವಿನಲ್ಲಿ ನಿಲ್ಲಿ.

ನಿನ್ನೆ ರಾತ್ರಿ ಮಾವ ಫೋನು ಮಾಡಿದ್ದರು. ಹಸ್ತ ಈ ಸಲ ಕೈಕೊಡಲಿಲ್ಲವಂತೆ, ಭತ್ತ ಹೊಡೆಗೆ ಬಂದಿದೆಯಂತೆ, ಕೆಳಗಿನ ಗದ್ದೆಯ ಅಜ್ಜಿ ಬುಟ್ಟಿಗೆ ಕೆಮ್ಮಣ್ಣು ತರಿಸಿದ್ದಾರಂತೆ. ಎರಡನೆಯ ಗದ್ದೆಯಲ್ಲಿ ಮಂಜು ಎಂಟು ಗಂಟೆಯ ತನಕ ನಿಂತಿತ್ತು ಎಂದರು. ನಾಡಿದ್ದು ಬೆಳಗಿನ ಶಿರಸಿ ಬಸ್ಸಿಗೆ ಹೊರಡುತ್ತಿದ್ದೇನೆ.